ಹಕ್ಕಿಗಳ ಎಣಿಕೆಯೂ ನಂಬತಕ್ಕ ಸಾಕ್ಷಿಯೂ

ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ನಮ್ಮ ಹಳೆಯ ಶಾಲೆಯಿಂದ ಪತ್ರ ಬಂದಾಗ, ಇತರ ಹಳೆಯ ವಿದ್ಯಾರ್ಥಿನಿಯರಂತೆ ನಾನೂ ವಸತಿಗೃಹದ ಗಂಟೆಯನ್ನೋ, ಬೆಳಗಿನ ಪ್ರಾರ್ಥನೆಯ ಹಾಡನ್ನೋ, ನಮ್ಮ ಪೂಜ್ಯ ಉಪಾಧ್ಯಾಯಿನಿಯರನ್ನೋ ಕುರಿತು ಬರೆಯಬಹುದಾಗಿತ್ತು. ಅವುಗಳನ್ನು ನನಗಿಂತ ಚೆನ್ನಾಗಿ ಬರೆಯಬಲ್ಲ ಸೋದರಿಯರು ಬಹುಮಂದಿ ಇದ್ದಾರೆ. ನಾನು ಬರೆಯಹೊರಟಿರುವುದು ಹಕ್ಕಿಗಳ ಎಣಿಕೆಯ ವಿಷಯ. ಅದರಲ್ಲಿಯೂ, ಎಣಿಸಲು ಹೋದವರು ಯಾರೂ ನಿರೀಕ್ಷಿಸದ ಹಕ್ಕಿಯೊಂದನ್ನು ಕಂಡೆವೆಂದು ಬಂದು ಹೇಳಿದಾಗ ಕೇಳುವವರು ಏನು ಮಾಡಬೇಕೆಂಬ ವಿಷಯ. ಇದು ಅಲ್ಪವಾದ ಪ್ರಶ್ನೆಯೆಂದು ಕೆಲವರಿಗೆ ತೋರೀತು. ನನಗೂ ಹಾಗೆಯೇ ತೋರಿತ್ತು, ಒಂದು ತಪ್ಪನ್ನು ಮಾಡುವ ತನಕ.

ಹಾಸನ ತಾಲ್ಲೂಕಿನ ದುದ್ದ ಹೋಬಳಿಯಲ್ಲಿ ನಾನು ಪಾಠ ಹೇಳುತ್ತಿದ್ದ ಕಾಲ. ಫೆಬ್ರವರಿ ತಿಂಗಳ ಒಂದು ಬೆಳಗ್ಗೆ ಎಂಟನೆಯ ತರಗತಿಯ ಹುಡುಗಿಯರನ್ನು ಜೋಡಿಜೋಡಿಯಾಗಿ ವಿಂಗಡಿಸಿ, ಸಮೀಪದ ಕೆರೆಯ ಏರಿಯ ಮೇಲೆ ಅಲ್ಲಲ್ಲಿ ನಿಲ್ಲಿಸಿ, ಕಾಲು ಗಂಟೆಯೊಳಗೆ ಕಂಡ ಹಕ್ಕಿಗಳನ್ನೆಲ್ಲಾ ಎಣಿಸಿ ಬರೆಯಿರೆಂದು ಹೇಳಿದ್ದೆನು. ನೀರಿನ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ತೂಬಿನ ಆಚೆಗೆ ನಿಂತಿದ್ದ ಒಬ್ಬ ಹುಡುಗಿಯ ಪುಸ್ತಕದಲ್ಲಿ ನೀರುಕಾಗೆ, ಬೆಳ್ಳಕ್ಕಿ, ನಾಮಕೋಳಿ, ಗುಂಡುಮುಳುಕ, ಮಿಂಚುಳ್ಳಿ ಇವುಗಳ ಕೆಳಗೆ ಹೆಸರಿಲ್ಲದ ಒಂದು ಸಾಲು ಇತ್ತು. ದೊಡ್ಡ ಬಾತು, ಬೂದಿ ಬಣ್ಣ, ಬಿಳಿಯ ತಲೆ, ಹಿಂದಲೆಯಲ್ಲಿ ಎರಡು ಕರಿಯ ಗೆರೆ, ಕಾಲು ಕಿತ್ತಳೆ ಹಣ್ಣಿನ ಬಣ್ಣ ಎಂದು ಬರೆದು, ಮುಂದೆ ಸಂಖ್ಯೆಯನ್ನು ಹಾಕಿದ್ದಳು. ನಾನು ನಕ್ಕು, ಯಾರದೋ ಮನೆಯ ಸಾಕಿದ ಬಾತುಗಳಿರಬೇಕೆಂದೆನು. ಅವಳು ಒಪ್ಪಲಿಲ್ಲ. "ಇಲ್ಲ ಮಿಸ್, ಇವು ನೀರಲ್ಲಿರ್ಲಿಲ್ಲ, ದನದ ಥರ ಹುಲ್ಲು ಮೇಯ್ತಿದ್ವು" ಎಂದಳು. ಜೊತೆಯವಳನ್ನು ಕೇಳಿದರೆ ಮಂಜಿನಲ್ಲಿ ತನಗೆ ಸರಿಯಾಗಿ ಕಾಣಲಿಲ್ಲವೆಂದಳು. ನಾನು ಕೆಂಪು ಮಸಿಯ ಲೇಖನಿಯನ್ನು ತೆಗೆದು ಆ ಸಾಲನ್ನು ಹೊಡೆದುಹಾಕಿದೆನು.

ಯಾಕೆ ಹಾಗೆ ಮಾಡಿದೆನೆಂದು ಈಗ ಯೋಚಿಸಿದರೆ ಒಪ್ಪಿಕೊಳ್ಳುವುದಕ್ಕೆ ನಾಚಿಕೆಯಾಗುತ್ತದೆ. ನಮ್ಮ ಪಟ್ಟಿಯನ್ನು ನೋಡುವವರು ಹಳ್ಳಿಯ ಶಾಲೆಯ ಹುಡುಗಿಯರ ಕಟ್ಟುಕಥೆಯೆಂದು ನಕ್ಕಾರೆಂಬ ಹೆದರಿಕೆಯೇ ಕಾರಣ. ಹಕ್ಕಿಯ ವಿಷಯದಲ್ಲಿ ನನಗಿದ್ದ ಜ್ಞಾನವಲ್ಲ. ಒಬ್ಬರ ಸಾಕ್ಷಿ ಸಾಲದೆಂದು ಮೋಶೆಯ ಧರ್ಮಶಾಸ್ತ್ರದಲ್ಲಿಯೇ ಇದೆಯಲ್ಲಾ ಎಂದು ಮನಸ್ಸಿಗೆ ಸಮಾಧಾನವನ್ನೂ ಹೇಳಿಕೊಂಡೆನು. ಆದರೆ ಆ ವಿಧಿ ಹುಟ್ಟಿದ್ದು ಅಪರಾಧಿಯೆಂದು ಹೊರಿಸಲ್ಪಟ್ಟವನನ್ನು ಕಾಪಾಡುವುದಕ್ಕೆ. ನಾನು ಅದನ್ನು ಸಾಕ್ಷಿ ಹೇಳಿದವಳನ್ನೇ ದಂಡಿಸುವುದಕ್ಕೆ ಬಳಸಿದೆನು. ಕೆಲವು ತಿಂಗಳುಗಳ ಮೇಲೆ ಒಂದು ಪುಸ್ತಕದಲ್ಲಿ ಪಟ್ಟೆತಲೆ ಹೆಬ್ಬಾತಿನ ಚಿತ್ರವನ್ನು ಕಂಡಾಗ ನನ್ನ ಕೈ ತಣ್ಣಗಾಯಿತು. ಹುಡುಗಿ ಬರೆದ ಒಂದೊಂದು ಗುರುತೂ ಅಲ್ಲಿತ್ತು. ಮಂಗೋಲಿಯಾ, ಟಿಬೆಟ್ಟುಗಳ ಕಡೆಯಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ ಚಳಿಗಾಲಕ್ಕೆ ನಮ್ಮ ನಾಡಿಗೆ ಇಳಿಯುವ ಹಕ್ಕಿ ಇದು. ಗದಗ ಜಿಲ್ಲೆಯ ಮಾಗಡಿ ಕೆರೆಗೂ ಮೈಸೂರಿನ ಬಳಿಯ ಹದಿನಾರು ಕೆರೆಗೂ ಇವು ಬರುವುದು ಪ್ರಸಿದ್ಧವಾಗಿಯೇ ಇದೆ. ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳನ್ನು ಕರ್ನಾಟಕದಲ್ಲಿ ನೋಡಿ ಗುರುತಿಸಿದವರಿದ್ದಾರೆ. ಇವು ಹಗಲು ನೀರಿನಲ್ಲಿ ವಿಶ್ರಮಿಸಿ, ಕತ್ತಲಲ್ಲಿಯೂ ಮುಂಜಾವದಲ್ಲಿಯೂ ದಡದ ಹುಲ್ಲನ್ನು, ಗದ್ದೆಯ ಪೈರನ್ನು ಮೇಯುತ್ತವೆ. ಅಂದು ಆ ಕೆರೆಯಲ್ಲಿದ್ದವು ಅವೇ ಎಂದು ನಾನು ಹೇಳುವುದಿಲ್ಲ. ಅಲ್ಲವೆಂದು ಹೇಳುವ ಹಕ್ಕನ್ನಂತೂ ನಾನೇ ಕಳೆದುಕೊಂಡೆನು.

ಈ ಎಣಿಕೆ ಎಂದರೇನೆಂದು ತಿಳಿಯದ ಪೋಷಕರಿಗಾಗಿ ಸ್ವಲ್ಪ ಹೇಳಬೇಕು. ಅಮೆರಿಕಾ ದೇಶದಲ್ಲಿ ಮೊದಲು ಕ್ರಿಸ್ಮಸ್ ಹಬ್ಬದ ದಿವಸ ಗುಂಪುಕಟ್ಟಿಕೊಂಡು ಹೋಗಿ ಕಂಡ ಕಂಡ ಹಕ್ಕಿಗಳನ್ನು ಹೊಡೆಯುವ ಒಂದು ದುಷ್ಟ ವಿನೋದವಿತ್ತು. ಅದಕ್ಕೆ ಬದಲಾಗಿ ಹಕ್ಕಿಗಳನ್ನು ಎಣಿಸೋಣವೆಂದು ಫ್ರಾಂಕ್ ಚಾಪ್‌ಮನ್ ಎಂಬವರು ಸೂಚಿಸಲು, ೧೯೦೦ನೆಯ ಇಸವಿಯ ಕ್ರಿಸ್ಮಸ್ ದಿನದಲ್ಲಿ ೨೭ ಮಂದಿ ಎಣಿಸಿದರು. ಕರ್ತನ ಜನನದ ಹಬ್ಬಕ್ಕೆ ಇದಕ್ಕಿಂತ ಒಪ್ಪುವ ಬದಲಾವಣೆ ಮತ್ತೊಂದಿಲ್ಲವೆಂದು ನನ್ನ ಅಭಿಪ್ರಾಯ. ಚಳಿಗಾಲದ ನೀರುಹಕ್ಕಿಗಳ ಎಣಿಕೆ ನಮ್ಮ ದೇಶದಲ್ಲಿ ೧೯೮೭ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಮನೆಯಂಗಳದ ಹಕ್ಕಿಗಳ ಮಹಾ ಎಣಿಕೆಯು ೧೯೯೮ರಲ್ಲಿ ಅಮೆರಿಕಾದಲ್ಲಿ ಹುಟ್ಟಿ, ೨೦೧೩ರಿಂದ ಭಾರತಕ್ಕೂ ಬಂದಿತು. ಫೆಬ್ರವರಿಯ ನಾಲ್ಕು ದಿನಗಳಲ್ಲಿ ಯಾರು ಬೇಕಾದರೂ ಕಾಲು ಗಂಟೆಯಾದರೂ ನಿಂತು ಎಣಿಸಿ ಕಳುಹಿಸಬಹುದು. ಶಾಲೆ ಕಾಲೇಜುಗಳ ಆವರಣದೊಳಗಿನ ಎಣಿಕೆಯೂ ಇದೇ ದಿನಗಳಲ್ಲಿ ನಡೆಯುತ್ತದೆ. ಸಂಬಳವಿಲ್ಲ, ಪದವಿ ಬೇಕಿಲ್ಲ. ಗೃಹಿಣಿಯರೂ, ವಕೀಲರೂ, ಕುರಿ ಕಾಯುವವರೂ, ಮಕ್ಕಳೂ ಸೇರಬಹುದಾದ ವಿದ್ಯಾಕಾರ್ಯವು ಇದರಂತೆ ಮತ್ತೊಂದು ನನಗೆ ತಿಳಿದಿಲ್ಲ.

ಈ ಪಟ್ಟಿಗಳು ಸೇರುವ ಈ-ಬರ್ಡ್ ಎಂಬ ದೊಡ್ಡ ದಫ್ತರದಲ್ಲಿ ಒಂದು ಮೆಚ್ಚತಕ್ಕ ಏರ್ಪಾಡಿದೆ. ಆಯಾ ಪ್ರದೇಶದಲ್ಲಿ, ಆಯಾ ತಿಂಗಳಿನಲ್ಲಿ ಯಾವ ಹಕ್ಕಿ ಎಷ್ಟು ಕಾಣುವುದು ಸಾಧಾರಣವೆಂದು ಮೊದಲೇ ಗೊತ್ತುಮಾಡಿರುತ್ತಾರೆ. ಆ ಎಲ್ಲೆಯನ್ನು ಮೀರಿದ ವರದಿ ಬಂದರೆ ಅದು ಪ್ರತ್ಯೇಕವಾಗಿ ನಿಲ್ಲುತ್ತದೆ. ಆಮೇಲೆ ಹಕ್ಕಿಗಳನ್ನು ಚೆನ್ನಾಗಿ ಬಲ್ಲ ಒಬ್ಬರು, ಅವರೂ ಸಂಬಳವಿಲ್ಲದವರೇ, ಕಂಡವರಿಗೆ ವಿನಯದಿಂದ ಬರೆದು, ಹೇಗಿತ್ತು, ಎಷ್ಟು ದೂರದಲ್ಲಿತ್ತು, ಚಿತ್ರವಿದೆಯೇ ಎಂದು ಕೇಳುತ್ತಾರೆ. ಉತ್ತರ ಸಾಕಾದರೆ ವರದಿ ಎಲ್ಲರ ಕಣ್ಣಿಗೂ ಬೀಳುವ ಲೆಕ್ಕಕ್ಕೆ ಸೇರುತ್ತದೆ. ಸಾಲದಿದ್ದರೆ ಸೇರುವುದಿಲ್ಲ, ಆದರೆ ಕಂಡವರ ಸ್ವಂತ ಪಟ್ಟಿಯಿಂದ ಅದನ್ನು ಯಾರೂ ಅಳಿಸುವುದಿಲ್ಲ. ಈ ಕಡೆಯ ಮಾತನ್ನು ಓದಿದಾಗ ನನ್ನ ಕೆಂಪು ಮಸಿ ನೆನಪಾಯಿತು.

ಇದರಲ್ಲಿ ಒಂದು ಕುಂದೂ ಇದೆ. ಪ್ರಶ್ನೆ ಕೇಳುವುದು ಅಪೂರ್ವವಾದುದಕ್ಕೆ ಮಾತ್ರ. ಗೊರವಂಕವೆಂದು ತಪ್ಪಾಗಿ ಬರೆದರೆ ಯಾರೂ ಕೇಳರು. ನಾನೂ ಆ ಹುಡುಗಿಯ ನಾಮಕೋಳಿಯನ್ನು ಪ್ರಶ್ನಿಸದೆ ನಂಬಿದೆನು. ಅದೇ ಕಣ್ಣು ಒಂದು ಸಾಲಿನಲ್ಲಿ ನಂಬತಕ್ಕದ್ದು, ಮುಂದಿನ ಸಾಲಿನಲ್ಲಿ ನಂಬತಕ್ಕದ್ದಲ್ಲ ಎಂಬುದು ಯಾವ ನ್ಯಾಯ?

ಈ ವಿಷಯದಲ್ಲಿ ಎರಡು ಪಕ್ಷಗಳನ್ನು ಕಂಡಿದ್ದೇನೆ. ಹವ್ಯಾಸಿಗಳ ಅಪೂರ್ವ ವರದಿಗಳನ್ನೆಲ್ಲಾ ಕಸದ ಬುಟ್ಟಿಗೆ ಹಾಕಬೇಕು, ವಿದ್ವಾಂಸರ ಮಾತೇ ಪ್ರಮಾಣ ಎನ್ನುವವರು ಒಂದು ಕಡೆ. ಮಕ್ಕಳ ಉತ್ಸಾಹಕ್ಕೆ ಭಂಗ ತರಬಾರದು, ಹೇಳಿದ್ದನ್ನೆಲ್ಲಾ ಬರೆದುಕೊಳ್ಳಿರಿ ಎನ್ನುವವರು ಮತ್ತೊಂದು ಕಡೆ. ಮೊದಲನೆಯವರಿಗೆ ನಾನು ಎರಡು ಸಂಗತಿಗಳನ್ನು ಜ್ಞಾಪಿಸಬಯಸುತ್ತೇನೆ.

ಬ್ರಿಟಿಷ್ ಸೈನ್ಯದಲ್ಲಿ ಕರ್ನಲ್ ಆಗಿದ್ದ ರಿಚರ್ಡ್ ಮೈನರ್ಟ್ಜ್‌ಹೇಗನ್ ಎಂಬವನು ಪಕ್ಷಿಶಾಸ್ತ್ರದಲ್ಲಿ ಮಹಾ ಪ್ರಸಿದ್ಧನು. ಮಧ್ಯಭಾರತದ ಅಡವಿಗಳಲ್ಲಿರುವ ಒಂದು ಚಿಕ್ಕ ಗೂಬೆಯ ಜಾತಿಯನ್ನು ಹ್ಯೂಮ್ ಎಂಬವರು ೧೮೭೩ರಲ್ಲಿ ವರ್ಣಿಸಿದ್ದರು. ೧೮೮೪ರ ಮೇಲೆ ಅದು ಯಾರಿಗೂ ದೊರೆತಿರಲಿಲ್ಲ. ೧೯೧೪ರಲ್ಲಿ ಗುಜರಾತಿನಲ್ಲಿ ತನಗೆ ಒಂದು ದೊರೆಯಿತೆಂದು ಈ ಕರ್ನಲ್ಲನು ಹೇಳಿ ತೊಗಲನ್ನೂ ತೋರಿಸಿದನು. ಅಷ್ಟು ದೊಡ್ಡ ಮನುಷ್ಯನನ್ನು ಯಾರು ಪ್ರಶ್ನಿಸುತ್ತಾರೆ? ಸುಮಾರು ಎಂಬತ್ತು ವರ್ಷ ಪಂಡಿತರು ಅದನ್ನು ನಂಬಿದರು. ಕಡೆಗೆ ಪಮೆಲಾ ರಾಸ್ಮುಸ್ಸೆನ್ ಎಂಬ ಅಮೆರಿಕಾದ ವಿದುಷಿಯು ಸಂಗಡಿಗರೊಂದಿಗೆ ಪರೀಕ್ಷಿಸಿ, ಅದು ಹಿಂದಿನವರೊಬ್ಬರು ಸಂಗ್ರಹಿಸಿದ್ದ ತೊಗಲನ್ನು ಕದ್ದು, ಬಿಚ್ಚಿ, ಮತ್ತೆ ತುಂಬಿ, ಹೊಸ ಚೀಟಿ ಕಟ್ಟಿದ ಮೋಸವೆಂದು ತೋರಿಸಿದರು. ಸುಳ್ಳು ವರದಿಯನ್ನು ಬದಿಗಿಟ್ಟು, ನಿಜವಾದ ಹಳೆಯ ಸ್ಥಳಗಳ ಜಾಡು ಹಿಡಿದು ಹೋದಾಗ, ೧೯೯೭ರ ನವೆಂಬರಿನಲ್ಲಿ ಮಹಾರಾಷ್ಟ್ರದ ಶಹಾದೆಯ ಬಳಿಯಲ್ಲಿ ಆ ಗೂಬೆ ಜೀವಂತವಾಗಿ ಕುಳಿತಿತ್ತು.

ಇನ್ನೊಂದು ಸಂಗತಿ ನಮ್ಮ ನೆರೆಯ ಕಡಪಾ ಜಿಲ್ಲೆಯದು. ೧೮೪೮ರಲ್ಲಿ ವರ್ಣಿಸಲ್ಪಟ್ಟ ಜರ್ಡನ್ನನ ಓಡುಹಕ್ಕಿಯು ೧೯೦೦ದ ನಂತರ ಕಾಣದೆ ಹೋಗಿ, ನಿರ್ನಾಮವಾಯಿತೆಂದೇ ಅನೇಕರು ಎಣಿಸಿದ್ದರು. ಬೊಂಬಾಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಹಕ್ಕಿಯ ಚಿತ್ರವನ್ನು ಹಳ್ಳಿಹಳ್ಳಿಗೆ ತೋರಿಸುತ್ತಾ ಹೋದರು. ೧೯೮೬ರ ಜನವರಿಯ ಒಂದು ರಾತ್ರಿ ಐತನ್ನ ಎಂಬ ಹಳ್ಳಿಯ ಬೇಟೆಗಾರನು ದೀಪದ ಬೆಳಕಿನಲ್ಲಿ ಆ ಹಕ್ಕಿಯನ್ನು ಹಿಡಿದು ತಂದನು. ಕರ್ನಲ್ಲನಿಗೆ ಬಿರುದುಗಳಿದ್ದವು, ಐತನ್ನನಿಗೆ ಏನೂ ಇರಲಿಲ್ಲ. ಮುಖದಾಕ್ಷಿಣ್ಯವೆಂಬುದು ನ್ಯಾಯಸ್ಥಾನದಲ್ಲಿ ಹೇಗೆ ಪಾಪವೋ ಹಾಗೆಯೇ ವಿದ್ಯೆಯಲ್ಲಿಯೂ ಪಾಪ. ವರದಿಯನ್ನು ಪರೀಕ್ಷಿಸಬೇಕು, ವರದಿ ತಂದವರ ಅಂತಸ್ತನ್ನಲ್ಲ.

ಎರಡನೆಯ ಪಕ್ಷದವರಿಗೆ ನಾನು ಹೇಳುವುದು ಸ್ವಲ್ಪ ಬೇರೆ. ನಮ್ಮ ಶಾಲೆಯಲ್ಲಿ ಓದಿದವರಿಗೆಲ್ಲಾ ಅಪೊಸ್ತಲರ ಕೃತ್ಯಗಳಲ್ಲಿ ಬರುವ ರೋದೆಯ ಕಥೆ ತಿಳಿದೇ ಇದೆ. ಸೆರೆಯಲ್ಲಿದ್ದ ಪೇತ್ರನು ಬಿಡುಗಡೆಯಾಗಿ ರಾತ್ರಿಯಲ್ಲಿ ಮಾರ್ಕನ ತಾಯಿಯಾದ ಮರಿಯಳ ಮನೆಯ ಬಾಗಿಲನ್ನು ತಟ್ಟಿದಾಗ, ಸೇವಕಿಯಾದ ಈ ಹುಡುಗಿ ಧ್ವನಿಯಿಂದಲೇ ಅವನನ್ನು ಗುರುತಿಸಿದಳು. ಸಂತೋಷದ ಭರದಲ್ಲಿ ಬಾಗಿಲನ್ನು ತೆರೆಯದೆ ಒಳಗೆ ಓಡಿ ಹೇಳಿದಳು. ಒಳಗಿದ್ದ ದೊಡ್ಡವರು ನಿನಗೆ ಹುಚ್ಚೆಂದರು. ಅವಳು ಪಟ್ಟುಬಿಡದಿದ್ದಾಗ, ಅದು ಅವನ ದೂತನಿರಬೇಕೆಂದು ವಿವರಣೆಯನ್ನೂ ಕೊಟ್ಟರು. ನಾನು ಸಾಕಿದ ಬಾತಿನ ವಿವರಣೆಯನ್ನು ಕೊಟ್ಟೆನಲ್ಲಾ, ಹಾಗೆ. ಇದನ್ನು ಓದುವಾಗಲೆಲ್ಲಾ ದೊಡ್ಡವರ ಅವಿಶ್ವಾಸವನ್ನೇ ಎಲ್ಲರೂ ದೂಷಿಸುತ್ತಾರೆ. ಆದರೆ ರೋದೆಯದೂ ಒಂದು ಲೋಪವುಂಟು. ಬಾಗಿಲನ್ನು ತೆರೆದಿದ್ದರೆ ವಾದವೇ ಇರುತ್ತಿರಲಿಲ್ಲ. ಅಪೂರ್ವ ಹಕ್ಕಿಯನ್ನು ಕಂಡ ಮಕ್ಕಳೂ ಹೀಗೆಯೇ ಮಾಡುತ್ತಾರೆ. ಇನ್ನೂ ಎರಡು ನಿಮಿಷ ನಿಂತು ಕೊಕ್ಕನ್ನೂ ಕಾಲನ್ನೂ ಬಾಲವನ್ನೂ ನೋಡುವ ಬದಲು, ಕಂಡೆವು ಕಂಡೆವು ಎಂದು ಓಡಿಬರುತ್ತಾರೆ. ತಿರುಗಿ ಹೋಗುವಷ್ಟರಲ್ಲಿ ಹಕ್ಕಿ ಇರುವುದಿಲ್ಲ. ಪೇತ್ರನಾದರೋ ತಟ್ಟುತ್ತಲೇ ನಿಂತನು. ಹಕ್ಕಿ ಹಾಗೆ ನಿಲ್ಲುವುದಿಲ್ಲ.

ನೋಹನ ನಾವೆಯಿಂದ ಹೋದ ಎರಡು ಹಕ್ಕಿಗಳಲ್ಲಿ ಕಾಗೆಯಿಂದ ನೋಹನಿಗೆ ಏನೂ ತಿಳಿಯಲಿಲ್ಲ. ಪಾರಿವಾಳ ಎಣ್ಣೇಮರದ ಎಲೆಯನ್ನು ಕೊಕ್ಕಿನಲ್ಲಿ ತಂದಿತು, ಆಗ ಅವನು ನಿಶ್ಚಯಮಾಡಿಕೊಂಡನು. ಕಂಡವರ ಕೈಯಲ್ಲಿ ಇಂಥ ಒಂದು ಎಲೆಯಾದರೂ ಇರಬೇಕು. ಚಿತ್ರವೇ ಆಗಬೇಕೆಂದಿಲ್ಲ. ಸ್ಥಳದಲ್ಲಿಯೇ, ಪುಸ್ತಕವನ್ನು ತೆರೆದು ನೋಡುವುದಕ್ಕೆ ಮೊದಲೇ ಬರೆದುಕೊಂಡ ನಾಲ್ಕು ಗುರುತುಗಳು ಮಸುಕಾದ ಚಿತ್ರಕ್ಕಿಂತ ಹೆಚ್ಚು ಬೆಲೆಯುಳ್ಳವು. ಯಾಕಂದರೆ ಪುಸ್ತಕದ ಚಿತ್ರವನ್ನು ಒಮ್ಮೆ ನೋಡಿದ ಮೇಲೆ ನೆನಪು ತಾನು ಕಂಡದ್ದನ್ನು ಬಿಟ್ಟು ಚಿತ್ರದಲ್ಲಿದ್ದುದನ್ನೇ ಕಂಡಂತೆ ಹೇಳುತ್ತದೆ. ಆ ಹುಡುಗಿ ಹೆಸರನ್ನು ಬರೆಯದೆ ಗುರುತುಗಳನ್ನು ಬರೆದದ್ದು ಎಷ್ಟು ಒಳ್ಳೆಯ ಕೆಲಸವೆಂದು ನನಗೆ ಅಂದು ತಿಳಿಯಲಿಲ್ಲ. ಹೆಸರು ಬರೆದಿಲ್ಲವೆಂಬುದನ್ನೇ ಅಜ್ಞಾನದ ಲಕ್ಷಣವೆಂದೆಣಿಸಿದೆನು.

ತಪ್ಪುಗಳಂತೂ ಆಗಿಯೇ ಆಗುತ್ತವೆ. ಗರುಡನ ಮರಿಗೆ ಬಿಳಿಯ ಎದೆಯೂ ಕೆಂಗಂದು ರೆಕ್ಕೆಯೂ ಇಲ್ಲದೆ ಅದು ಕಂದಾಗಿರುವುದರಿಂದ, ಬೇರೆ ಯಾವುದೋ ಹದ್ದು ಬಂದಿತೆಂದು ವರದಿಯಾಗುವುದುಂಟು. ಮೈಯೆಲ್ಲಾ ಚುಕ್ಕೆಯುಳ್ಳ ಹೆಣ್ಣು ಕೋಗಿಲೆಯನ್ನು ಹೊಸ ಹಕ್ಕಿಯೆಂದು ಓಡಿಬಂದು ಹೇಳದ ಹುಡುಗಿಯೇ ಇಲ್ಲ. (ಕೋಗಿಲೆಯೆಂದರೆ ಕಪ್ಪೆಂದು ಕವಿಗಳು ಹಾಡಿ ಹಾಡಿ, ಹೆಣ್ಣಿನ ಬಣ್ಣವನ್ನೇ ನಾಡು ಮರೆತುಬಿಟ್ಟಿದೆ, ಹೆಣ್ಣುಮಕ್ಕಳ ಶಾಲೆಯಲ್ಲಿ ಇದನ್ನಾದರೂ ತಿದ್ದಬೇಕು.) ಪಂಜರದಿಂದ ತಪ್ಪಿಸಿಕೊಂಡ ಪರದೇಶದ ಗಿಳಿಗಳಿವೆ, ಬಣ್ಣಗೆಟ್ಟು ಬೆಳ್ಳಗಾದ ಕಾಗೆಗಳಿವೆ. ಈಚೆಗೆ ಕೈಯಲ್ಲಿರುವ ಫೋನೇ ಕೂಗನ್ನು ಕೇಳಿ ಹೆಸರನ್ನು ಹೇಳುತ್ತದೆ. ಅದು ಒಳ್ಳೆಯ ಸಹಾಯವೇ ಸರಿ, ಸಾಕ್ಷಿಯಲ್ಲ. ಸಕಲೇಶಪುರದ ಕಡೆಯ ಕಾಡುಗಳಲ್ಲಿ ಭೀಮರಾಜನೆಂಬ ಕಾಜಾಣವು ಹಲವು ಹಕ್ಕಿಗಳ ಕೂಗನ್ನು ಅನುಕರಿಸಿ ಮನುಷ್ಯರನ್ನೇ ಮೋಸಗೊಳಿಸುವಾಗ ಯಂತ್ರದ ಪಾಡೇನು?

ಅಪೂರ್ವವಾದುದರ ಮೇಲಿನ ಹಸಿವೂ ಒಂದು ರೋಗ. ಹಕ್ಕಿ ಕಂಡವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಗುಬ್ಬಿಯನ್ನು ಎಣಿಸಿದವರ ಹೆಸರು ಎಲ್ಲಿಯೂ ಬರುವುದಿಲ್ಲ. ಆದರೆ ಭಾರತದ ಹಕ್ಕಿಗಳ ಸ್ಥಿತಿಯನ್ನು ಕುರಿತು ೨೦೨೩ರಲ್ಲಿ ಹೊರಟ ವರದಿಯು ನಿಂತದ್ದು ೩೦,೦೦೦ಕ್ಕೂ ಮಿಕ್ಕ ಜನ ಕಳುಹಿಸಿದ ಸುಮಾರು ೩ ಕೋಟಿ ದಾಖಲೆಗಳ ಮೇಲೆ. ಅವುಗಳಲ್ಲಿ ಬಹುಪಾಲು ದಿನನಿತ್ಯದ ಹಕ್ಕಿಗಳೇ. ೯೪೨ ಜಾತಿಗಳನ್ನು ಪರಿಶೀಲಿಸಿ, ೧೭೮ ಜಾತಿಗಳಿಗೆ ತ್ವರೆಯಾಗಿ ರಕ್ಷಣೆ ಬೇಕೆಂದು ಅದರಲ್ಲಿ ಹೇಳಿದೆ. ನಮ್ಮ ರಾಜ್ಯಪಕ್ಷಿಯಾದ ನೀಲಕಂಠ, ಅಂದರೆ ಹೊಲದ ತಂತಿಯ ಮೇಲೆ ಕುಳಿತಿರುವ ದಾಸಮಗರೆ, ಕಡಿಮೆಯಾಗುತ್ತಿದೆಯೆಂದು ತಿಳಿದದ್ದು ಹೀಗೆ, ಸಾಧಾರಣ ಹಕ್ಕಿಯನ್ನು ಬೇಸರವಿಲ್ಲದೆ ವರ್ಷವರ್ಷವೂ ಎಣಿಸಿದವರಿಂದ. ದುದ್ದದ ಬಯಲಿನ ರಾಗಿಯ ಹೊಲಗಳಲ್ಲಿ ಇಂದು ಅದನ್ನು ಎಣಿಸದೆ ಬಿಟ್ಟರೆ, ಮುಂದೊಂದು ದಿನ ಅದನ್ನು ಕಂಡ ಹುಡುಗಿಯನ್ನು ಚಿತ್ರವಿದೆಯೇ ಎಂದು ಕೇಳುವ ಕಾಲ ಬಂದೀತು.

ಹಳ್ಳಿಯ ಜನಕ್ಕೆ ಗೊತ್ತಿದ್ದು ಕಾಗದಕ್ಕೆ ಗೊತ್ತಿಲ್ಲದ ಸಂಗತಿಗಳೂ ಬಹಳ. ಸಲೀಂ ಅಲಿಯವರು ೧೯೩೯-೪೦ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳನ್ನು ಸಮೀಕ್ಷೆಮಾಡಿದರು. ಅವರ ಪ್ರೇರಣೆಯಿಂದಲೇ ೧೯೪೦ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಅದೇ ಸೀಮೆಯಲ್ಲಿ ಶಿಂಷಾ ನದಿಯ ಬಳಿಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಿಸೇಮರಗಳಲ್ಲಿ ಗೂಡುಕಟ್ಟುವುದನ್ನು ಅರಣ್ಯಾಧಿಕಾರಿಗಳಾದ ನೇಗಿನಹಾಳರು ಹೊರಲೋಕಕ್ಕೆ ತಿಳಿಸಿದ್ದು ೧೯೭೬ರಲ್ಲಿ. ಊರಿನವರಾದರೋ ಆ ಹಕ್ಕಿಗಳನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ತಲೆತಲಾಂತರದಿಂದ ನೋಡಿಕೊಂಡಿದ್ದರು. ಅಲ್ಲಿ ಗೃಹಿಣಿಯರು ಯಾರಿಗೂ ವರದಿಯನ್ನು ಕಳುಹಿಸಲಿಲ್ಲ, ಯಾಕಂದರೆ ಯಾರೂ ಅವರನ್ನು ಕೇಳಲಿಲ್ಲ. ಕೆರೆಯಲ್ಲಿ ಬಟ್ಟೆ ಒಗೆಯುವ, ದನ ಕಾಯುವ, ಹೊಲದಲ್ಲಿ ಕಳೆ ಕೀಳುವ ನಮ್ಮ ಹೆಂಗಸರಿಗೆ ಯಾವ ಹಕ್ಕಿ ಯಾವ ತಿಂಗಳಿಗೆ ಬರುತ್ತದೆಂಬುದು ಬಾಯಿಪಾಠವಾಗಿದೆ. ಹೊಸದೊಂದು ಬಂದರೆ ಮೊದಲು ಕಾಣುವವರೂ ಅವರೇ.

ಆದಕಾರಣ ಪೋಷಕರಲ್ಲಿ ನನ್ನದೊಂದು ಬಿನ್ನಹ. ಮಗಳು ಹಿತ್ತಲಿನಲ್ಲಿಯೋ ಕೆರೆಯ ದಂಡೆಯಲ್ಲಿಯೋ ವಿಚಿತ್ರವಾದ ಹಕ್ಕಿಯನ್ನು ಕಂಡೆನೆಂದು ಹೇಳಿದರೆ ನಗಬೇಡಿರಿ. ಹೌದೌದೆಂದು ಮುದ್ದುಮಾಡಿ ಕಳುಹಿಸಲೂ ಬೇಡಿರಿ. ಎಷ್ಟು ದೊಡ್ಡದು, ಗೊರವಂಕಕ್ಕಿಂತ ದೊಡ್ಡದೋ ಕಾಗೆಗಿಂತ ಚಿಕ್ಕದೋ, ಏನು ಮಾಡುತ್ತಿತ್ತು, ಬಿಸಿಲು ಯಾವ ಕಡೆಯಿಂದ ಬೀಳುತ್ತಿತ್ತು ಎಂದು ಕೇಳಿರಿ. ಸಾಧ್ಯವಾದರೆ ಅವಳೊಡನೆ ಎದ್ದು ಹೋಗಿ ನೋಡಿರಿ. ಪುನರುತ್ಥಾನದ ಬೆಳಗ್ಗೆ ಸಮಾಧಿಯಿಂದ ಬಂದ ಸ್ತ್ರೀಯರ ಮಾತು ಶಿಷ್ಯರಿಗೆ ಬರಿಯ ಹರಟೆಯಾಗಿ ತೋರಿದಾಗಲೂ ಪೇತ್ರನು ಎದ್ದು ಓಡಿಹೋಗಿ ಬಗ್ಗಿ ನೋಡಿದನಷ್ಟೆ. ಮತ್ತು ಗುರುತು ಸಿಗಲಿಲ್ಲವೆಂದು ಬರೆಯುವ ಧೈರ್ಯವನ್ನು ಅವಳಿಗೆ ಕಲಿಸಿರಿ. ನಮ್ಮ ಪರೀಕ್ಷೆಗಳಲ್ಲಿ ತಿಳಿಯದು ಎಂಬ ಉತ್ತರಕ್ಕೆ ಅಂಕವಿಲ್ಲದೆ ಇರುವುದರಿಂದ ಮಕ್ಕಳು ಏನಾದರೊಂದು ಹೆಸರನ್ನು ಊಹಿಸಿ ಬರೆಯುವುದನ್ನು ಕಲಿತಿದ್ದಾರೆ. ಉಪಾಧ್ಯಾಯಿನಿಯರಾದ ನಾವೇ ಕಲಿಸಿದ್ದೇವೆ.

ಆ ಹಳೆಯ ಎಣಿಕೆಯ ಪುಸ್ತಕ ನನ್ನಲ್ಲಿಯೇ ಇದೆ. ಈ ಲೇಖನವನ್ನು ಬರೆಯುವ ಮೊದಲು ಆ ಹುಡುಗಿಯನ್ನು ವಿಚಾರಿಸಿದೆನು. ಈಗ ಅವಳು ದಾದಿಯ ವಿದ್ಯೆಯನ್ನು ಕಲಿಯುತ್ತಿದ್ದಾಳೆ. ನಾನು ಕ್ಷಮೆ ಕೇಳಿದಾಗ ಅವಳಿಗೆ ಮೊದಲು ಏತಕ್ಕೆಂದೇ ಅರ್ಥವಾಗಲಿಲ್ಲ. ಆಮೇಲೆ ಮಂಜನ್ನೂ ತೂಬನ್ನೂ ನೆನಸಿಕೊಂಡು, "ಗೆರೆ ಎರಡೋ ಮೂರೋ ಈಗ ಹೇಳೋಕ್ಕಾಗಲ್ಲ ಮಿಸ್, ಅವತ್ತು ಏನು ಬರೆದಿದ್ನೋ ಅದೇ ಸರಿ" ಎಂದಳು. ಪುಸ್ತಕವನ್ನು ತೆರೆದು ದೀಪದ ಹತ್ತಿರ ಹಿಡಿದು ನೋಡಿದೆನು. ಗುರುತುಗಳನ್ನೆಲ್ಲಾ ಕೆಂಪು ಗೆರೆಯ ಕೆಳಗೆ ಇನ್ನೂ ಓದಬಹುದು. ಸಂಖ್ಯೆಯ ಮೇಲೆ ಮಾತ್ರ ನನ್ನ ಲೇಖನಿ ಎರಡು ಸಲ ಓಡಿದೆ. ಏಳೋ ಹದಿನೇಳೋ ತಿಳಿಯುವುದಿಲ್ಲ. ದಿನ, ಹೊತ್ತು, ಸ್ಥಳ, ಅವಳ ಮಾತುಗಳು ಇವನ್ನು ಇದ್ದಂತೆಯೇ ಬರೆದು, ಸಂಖ್ಯೆಯ ಜಾಗವನ್ನು ಬರಿದಾಗಿ ಬಿಟ್ಟು, ಅವಳ ಹೆಸರಿನಲ್ಲಿ ಕಳುಹಿಸಿದ್ದೇನೆ.